ಜಕ್ಕಿಯಬ್ಬೆ ಎಂಬೊಂದು ಹೆಸರು

ಶಿರಾಳಕೊಪ್ಪದಲ್ಲಿರುವ ನನ್ನ ತಮ್ಮನ ಮಗಳಿಗೆ ಕಳೆದ ತಿಂಗಳು ಹೆಣ್ಣುಮಗು ಹುಟ್ಟಿತು. ಉತ್ತರಾಷಾಢದ ಮೂರನೆಯ ಪಾದವಾದುದರಿಂದ ಜನ್ಮನಾಮ 'ಜ' ಅಕ್ಷರದಿಂದ ಮೊದಲಾಗಬೇಕೆಂದು ಪುರೋಹಿತರು ಹೇಳಿದರಂತೆ. "ದೊಡ್ಡಪ್ಪ, ನೀವೇ ಒಂದು ಹೆಸರು ಹುಡುಕಿಕೊಡಿ. ಅಪರೂಪದ್ದಾಗಿರಬೇಕು, ಮುಂದೆ ಶಾಲೆಯಲ್ಲಿ ಇನ್ನೊಬ್ಬಳಿಗೆ ಅದೇ ಹೆಸರು ಇರಬಾರದು" ಎಂದು ಆಕೆ ಫೋನಿನಲ್ಲಿ ಕೇಳಿದಳು. ನಾನು ಬಹಳ ಹೊತ್ತು ಯೋಚಿಸಲಿಲ್ಲ; "ಜಕ್ಕಿಯಬ್ಬೆ" ಎಂದೆ. ಅತ್ತಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಮೆಲ್ಲಗೆ, "ಜಕ್ಕಿಣಿ ಅಂದ ಹಾಗೆ ಕೇಳಿಸುತ್ತಲ್ಲ ದೊಡ್ಡಪ್ಪ" ಎಂದಳು.

ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಆಕೆಯ ಮನೆಗೆ ಅನತಿದೂರದಲ್ಲಿಯೇ ಇರುವ ತಾಳಗುಂದವನ್ನೂ, ಅದೇ ಸೀಮೆಯ ಬಂದಳಿಕೆಯನ್ನೂ ಬಲ್ಲವನಾದ ನನಗೆ, ಈ ನೆಲದ ಕಲ್ಲುಗಳು ಸಾವಿರ ವರ್ಷಗಳಿಂದ ಕಾಪಾಡಿಕೊಂಡು ಬಂದಿರುವ ಹೆಣ್ಣು ಹೆಸರುಗಳು ಈ ನೆಲದ ತೊಟ್ಟಿಲುಗಳಿಗೆ ಮಾತ್ರ ಅಪರಿಚಿತವಾಗಿರುವುದು ಬಹುಕಾಲದಿಂದ ವ್ಯಥೆಯನ್ನುಂಟುಮಾಡಿರುವ ಸಂಗತಿ. ಅದನ್ನು ಫೋನಿನಲ್ಲಿ ವಿವರಿಸುವುದಾಗಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ತಾಳಗುಂದಕ್ಕೆ, ಅಂದರೆ ಪ್ರಾಚೀನರ ಸ್ಥಾನಕುಂದೂರಿಗೆ, ಹೋದವರೆಲ್ಲರೂ ಮೊದಲು ನೋಡುವುದು ಪ್ರಣವೇಶ್ವರ ಗುಡಿಯ ಮುಂದಿನ ಸ್ತಂಭವನ್ನು. 1894ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಆ ಸ್ತಂಭದ ಮೇಲೆ, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ತಾನೇ ರಚಿಸಿ ತಾನೇ ಕಲ್ಲಿನ ಮೇಲೆ ಬರೆದ ಮೂವತ್ತನಾಲ್ಕು ಸಂಸ್ಕೃತ ಪದ್ಯಗಳಿವೆ. ಗುರುವಾದ ವೀರಶರ್ಮನೊಡನೆ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನು ಪಲ್ಲವರ ಕುದುರೆಯಾಳಿನೊಡನೆ ಕಲಹವುಂಟಾಗಿ ದರ್ಭೆ ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದುದು, ಕಾಕುಸ್ಥವರ್ಮನು ಶಿವಾಲಯದ ಬಳಿಯಲ್ಲಿ ಕೆರೆ ಕಟ್ಟಿಸಿದುದು, ಎಲ್ಲವೂ ಅಲ್ಲಿಯೇ ಉಕ್ತವಾಗಿದೆ. ಗುರುವಿನ ಹೆಸರಿದೆ, ಶಿಷ್ಯನ ಹೆಸರಿದೆ, ಕವಿಯ ಹೆಸರಿದೆ. ಆದರೆ ಕಾಕುಸ್ಥನು ಗುಪ್ತರೇ ಮೊದಲಾದ ರಾಜಕುಲಗಳಿಗೆ ತನ್ನ ಹೆಣ್ಣುಮಕ್ಕಳನ್ನು ಕೊಟ್ಟು ಸಂಬಂಧ ಬೆಳೆಸಿದನೆಂಬುದನ್ನು ಹೇಳುವಲ್ಲಿ, ಆ ರಾಜಕುಲಗಳನ್ನು ತಾವರೆಯ ಕೊಳಗಳೆಂದೂ ಆ ಕನ್ಯೆಯರನ್ನು ಅವುಗಳನ್ನು ಅರಳಿಸಿದ ಕಿರಣಗಳೆಂದೂ ರೂಪಿಸಿ ಕವಿ ಮುಂದೆ ಸಾಗಿಬಿಡುತ್ತಾನೆ. ರೂಪಕವು ಮನೋಹರವಾದುದೇ. ಕದಂಬರ ಕೀರ್ತಿಯನ್ನು ಉತ್ತರಾಪಥದವರೆಗೆ ಕೊಂಡೊಯ್ದ ಆ ಮಕ್ಕಳನ್ನು ಅವರ ತಾಯಿ ಏನೆಂದು ಕರೆಯುತ್ತಿದ್ದಳೆಂಬುದು ಮಾತ್ರ ಆ ಸ್ತಂಭದಿಂದ ತಿಳಿಯುವುದಿಲ್ಲ.

ಅದೇ ಗುಡಿಯ ಬಾಗಿಲ ಕಂಬದ ಮೇಲೆ ಕಣ್ಣು ಹಾಯಿಸಿದರೆ ಬೇರೊಂದು ಪ್ರಪಂಚ. ಅಲ್ಲಿ ಪ್ರಭಾವತಿ ಎಂಬ ಹೆಸರಿದೆ: ಕೈಕೇಯ ಕುಲದಲ್ಲಿ ಹುಟ್ಟಿದವಳು, ಮೃಗೇಶವರ್ಮನ ಪ್ರಿಯಪತ್ನಿ, ರವಿವರ್ಮನ ತಾಯಿ. ಮಗನಿಗೆ ರವಿ, ತಾಯಿಗೆ ಪ್ರಭೆ. ಹೆಸರಿಟ್ಟವರು ಬೇರೆ ಬೇರೆ ಮನೆಯವರಾದರೂ ಎಂಥ ಸಾಮರಸ್ಯ! ಕಳೆದ ಶತಮಾನದಲ್ಲಿ ನಮ್ಮ ಅಮ್ಮಂದಿರ ಪೀಳಿಗೆಯಲ್ಲಿ ಬೀದಿಗೊಬ್ಬ ಪ್ರಭಾವತಿ ಇದ್ದಳು. ಆಕೆಯನ್ನು ಕೂಗುತ್ತಿದ್ದವರಿಗೆ ಆ ಹೆಸರು ತಾಳಗುಂದದ ಬಾಗಿಲಲ್ಲಿ ಹದಿನೈದು ಶತಮಾನಗಳಿಂದ ನಿಂತಿದೆಯೆಂಬ ಅರಿವಿರಲಿಲ್ಲ. ಈಗ ಆ ಹೆಸರೂ ಹಳತೆಂದು ತೊಟ್ಟಿಲಿನಿಂದ ಇಳಿದುಹೋಗಿದೆ.

ಇನ್ನು ಜಕ್ಕಿಯಬ್ಬೆಯ ವಿಷಯ. ಇಂದಿನ ಶಿಕಾರಿಪುರ, ಸೊರಬಗಳ ಪ್ರದೇಶದಲ್ಲಿ ಹಿಂದೆ ನಾಗರಖಂಡ ಎಪ್ಪತ್ತು ಎಂಬ ನಾಡಿದ್ದಿತು; ಅದು ಬನವಾಸಿ ಪನ್ನಿರ್ಚ್ಛಾಸಿರದ, ಎಂದರೆ ಬನವಾಸಿ ಹನ್ನೆರಡು ಸಾವಿರದ, ಒಂದು ಭಾಗ. ಬಂದಳಿಕೆ, ಆಗಿನ ಬಂದಣಿಕೆ, ಆ ನಾಡಿನ ಮುಖ್ಯ ಪಟ್ಟಣ. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ರಾಷ್ಟ್ರಕೂಟರು ಆಳುತ್ತಿದ್ದಾಗ, ಬನವಾಸಿಯು ಮಹಾಸಾಮಂತ ಕಲಿವಿಟ್ಟರಸನ ಅಧೀನದಲ್ಲಿದ್ದಾಗ, ಈ ನಾಗರಖಂಡದ ನಾಳ್ಗಾವುಂಡನಾಗಿದ್ದ, ಎಂದರೆ ನಾಡಿನ ಮುಖ್ಯಸ್ಥನಾಗಿದ್ದ, ಸತ್ತರಸ ನಾಗಾರ್ಜುನನು ತೀರಿಕೊಂಡನು. ಆತನ ಸ್ಥಾನಕ್ಕೆ ಅರಸನ ಆಜ್ಞೆಯಿಂದ ಬಂದವಳು ಆತನ ಹೆಂಡತಿ ಜಕ್ಕಿಯಬ್ಬೆ. ಮಗನು ದೊಡ್ಡವನಾಗುವವರೆಗೆ ತೆರೆಯ ಹಿಂದೆ ಕುಳಿತು ನಡೆಸಿದ ಆಡಳಿತವೆಂದು ಬಂದಳಿಕೆಯ ಶಾಸನ ಹೇಳುವುದಿಲ್ಲ. ಹೆಣ್ಣಾಗಿದ್ದರೂ ಸಮರ್ಥೆಯಾಗಿ ನಾಡನ್ನು ಪಾಲಿಸಿದಳೆಂದೂ, ಜಿನಶಾಸನದಲ್ಲಿ ಭಕ್ತಿಯುಳ್ಳವಳೆಂದೂ ನೇರವಾಗಿ ಕೊಂಡಾಡುತ್ತದೆ. 'ಹೆಣ್ಣಾಗಿದ್ದರೂ' ಎಂಬ ಆ ಮಾತು ಇಂದು ನಮ್ಮ ಕಿವಿಗೆ ಚುಚ್ಚುತ್ತದೆ, ನಿಜ. ಆದರೆ ಬರೆದವನ ವಿಸ್ಮಯದಲ್ಲಿ ಮನ್ನಣೆಯೂ ಇದೆ, ಪಕ್ಷಪಾತವಿಲ್ಲದ ಲೆಕ್ಕವೂ ಇದೆ. ಕೊನೆಗೆ ದೇಹವನ್ನು ರೋಗ ಆಕ್ರಮಿಸಿದಾಗ, ಸಂಸಾರಭೋಗವು ನಿಸ್ಸಾರವೆಂದು ಬಗೆದು, ಮಗಳನ್ನು ಕರೆಸಿ ತನ್ನದೆಲ್ಲವನ್ನೂ ಆಕೆಗೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು, ಅಲ್ಲಿಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ಆಕೆ ದೇಹವಿಟ್ಟಳು.

ಆಸ್ತಿಯನ್ನು ಮಗಳಿಗೆ ಒಪ್ಪಿಸಿದಳೆಂಬ ಆ ಒಂದು ಸಂಗತಿಯನ್ನು ಓದಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿಟ್ಟಿದ್ದೇನೆ. ಈಗಲೂ ನಮ್ಮ ಊರುಗಳಲ್ಲಿ ತವರಿನ ಜಮೀನಿನ ಪಾಲನ್ನು ಕೇಳುವ ಹೆಣ್ಣುಮಗಳನ್ನು ಕಂಡು ಹುಬ್ಬೇರಿಸುವವರಿದ್ದಾರೆ.

ಹೆಸರಿನ ಅರ್ಥವನ್ನು ನೋಡೋಣ. ಸಂಸ್ಕೃತದ ಯಕಾರವು ತದ್ಭವವಾಗುವಾಗ ಜಕಾರವಾಗುವುದು ನಮ್ಮ ಭಾಷೆಯ ಹಳೆಯ ಪದ್ಧತಿ: ಯಾತ್ರೆ ಜಾತ್ರೆಯಾಯಿತು, ಯೌವನ ಜವ್ವನವಾಯಿತು, ಯೋಗಿ ಜೋಗಿಯಾದನು, ಯಮ ಜವನಾದನು. ಅದರಂತೆ ಪ್ರಾಕೃತದ ಹಾದಿಯಲ್ಲಿ ಬಂದ ಯಕ್ಷ ಜಕ್ಕನಾದನು, ಯಕ್ಷಿ ಜಕ್ಕಿಯಾದಳು. ಜೈನರಲ್ಲಿ ಯಕ್ಷಿಯೆಂದರೆ ತೀರ್ಥಂಕರರ ಪಾರ್ಶ್ವದಲ್ಲಿ ನಿಂತು ಶಾಸನವನ್ನು ರಕ್ಷಿಸುವ ದೇವತೆ. ಪದ್ಮಾವತಿ, ಜ್ವಾಲಾಮಾಲಿನಿ, ಕೂಷ್ಮಾಂಡಿನಿಯರು ಈ ವರ್ಗದವರು. ಜಕ್ಕಿಯ ಹೆಸರಿಗೆ 'ಅಬ್ಬೆ', ಎಂದರೆ ತಾಯಿ, ಸೇರಿ ಜಕ್ಕಿಯಬ್ಬೆ. ಪ್ರಾಚೀನ ಕಾವ್ಯಗಳಲ್ಲಿ ಬರುವ ಜಕ್ಕವಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಆ ಹಕ್ಕಿ ಚಕ್ರವಾಕದಿಂದ ಬಂದುದು. ಕಾಲಾಂತರದಲ್ಲಿ ಬಸದಿಗಳು ಬರಿದಾಗಿ, ಯಕ್ಷಿಯ ಪೂಜೆ ನಿಂತು, ಆಕೆಯ ನೆನಪು ಮಾತ್ರ ಜನಪದದಲ್ಲಿ ಉಳಿದಾಗ, ಜಕ್ಕಿಣಿಯೆಂಬುದು ಮನೆಯಲ್ಲಿ ತೀರಿಹೋದ ಹೆಣ್ಣಿನ ಆತ್ಮಕ್ಕೆ, ಕಾಡುವ ಶಕ್ತಿಗೆ ಹೆಸರಾಯಿತು. ನನ್ನ ತಮ್ಮನ ಮಗಳು ಹೆದರಿದುದು ಇದಕ್ಕೇ. ಒಂದು ಶಬ್ದವು ಗರ್ಭಗುಡಿಯ ಪಕ್ಕದಿಂದ ಊರಾಚೆಗೆ ಸರಿದುದಕ್ಕೆ ಆ ಶಬ್ದವೂ ಹೊಣೆಯಲ್ಲ, ಹೆಸರು ಹೊತ್ತವಳೂ ಹೊಣೆಯಲ್ಲ.

ಒಂದು ಕಾಲಕ್ಕೆ ಈ ಹೆಸರು ಅಪರೂಪವೂ ಆಗಿರಲಿಲ್ಲ. ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನನ ಇಬ್ಬರು ಹೆಂಡಿರಲ್ಲಿ ಒಬ್ಬಳು ಜಕ್ಕಿ, ಇನ್ನೊಬ್ಬಳು ಶಾಂತಿ. ಶ್ರವಣಬೆಳಗೊಳದಲ್ಲಿ, ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆ, ಬೊಪ್ಪನ ತಾಯಿ ಜಕ್ಕಿಮವ್ವೆ ಕಟ್ಟಿಸಿದ ಕೊಳಕ್ಕೆ ಇಂದಿಗೂ ಜಕ್ಕಿಕಟ್ಟೆಯೆಂದೇ ಹೆಸರು. ಹೀಗೆ ಕವಿಯ ಮನೆಯಲ್ಲಿಯೂ ದಂಡನಾಯಕನ ಮನೆಯಲ್ಲಿಯೂ ನಾಳ್ಗಾವುಂಡನ ಮನೆಯಲ್ಲಿಯೂ ಸಹಜವಾಗಿ ಕೂಗಿಸಿಕೊಳ್ಳುತ್ತಿದ್ದ ಹೆಸರು ಇದು. 'ಅಬ್ಬೆ' ಎಂಬ ಉತ್ತರಪದವಂತೂ ಆ ಕಾಲದ ಕನ್ನಡತಿಯರ ಮುದ್ರೆಯೇ ಆಗಿದ್ದಿತು: ರನ್ನನ ತಾಯಿ ಅಬ್ಬಲಬ್ಬೆ, ಆತನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ, ಆಕೆಯ ತಂಗಿ ಗುಂಡಮಬ್ಬೆ. ಅಬ್ಬೆಯೇ ಮುಂದೆ ಅವ್ವೆಯಾಗಿ, ಅವ್ವನಾಗಿ ನಮ್ಮ ಬಾಯಲ್ಲಿ ಉಳಿಯಿತು. ಹವ್ಯಕರ ಎಷ್ಟೋ ಮನೆಗಳಲ್ಲಿ ಮಕ್ಕಳು ತಾಯಿಯನ್ನು ಇಂದಿಗೂ ಅಬ್ಬೆಯೆಂದೇ ಕರೆಯುವರು. ಹೀಗಿರುವಾಗ ಅದು ಸತ್ತ ಶಬ್ದವೆಂದು ಹೇಳುವುದು ಹೇಗೆ?

ಹಳೆಯ ಹೆಸರನ್ನು ಮಗುವಿನ ಮೇಲೆ ಹೊರಿಸಿದರೆ ಸಹಪಾಠಿಗಳು ನಗುವರು, ಮಗು ನೊಂದುಕೊಳ್ಳುವುದು ಎಂಬ ಆಕ್ಷೇಪ ನನಗೆ ತಿಳಿಯದುದಲ್ಲ. ಮಗುವಿನ ಕಣ್ಣೀರು ಯಾವ ಶಾಸನಕ್ಕಿಂತಲೂ ದೊಡ್ಡದು. ಆದರೆ ಶಾಂತಲೆಯ ಹೆಸರನ್ನು ನೋಡಿ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿಯ ಆ ಹೆಸರು ಕೆ.ವಿ. ಅಯ್ಯರ್ ಅವರ ಕಾದಂಬರಿಯ ಮೂಲಕ ಓದುಗರ ಹೃದಯವನ್ನು ಹೊಕ್ಕಿತು. ಇಂದು ಶಾಂತಲಾ ಎಂದರೆ ಯಾವ ತರಗತಿಯಲ್ಲಿಯೂ ಯಾರೂ ನಗುವುದಿಲ್ಲ. ಆ ಶಾಂತಲೆಯನ್ನು ಹೆತ್ತವಳು ಮಾಚಿಕಬ್ಬೆ. ಮಗಳ ಸಾವಿನ ಅನಂತರ ಬೆಳಗೊಳದಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡವಳು. ಮಗಳ ಹೆಸರನ್ನು ಮನೆಗೆ ಕರೆದುಕೊಂಡು ಬಂದವರು ತಾಯಿಯ ಹೆಸರನ್ನು ಬಾಗಿಲ ಹೊರಗೇ ನಿಲ್ಲಿಸಿದೆವು. ಅತ್ತಿಮಬ್ಬೆಯ ಗತಿಯೂ ಅಷ್ಟೆ: ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಆ ಮಹಾತಾಯಿಯ ಹೆಸರಿನಲ್ಲಿ ಸರ್ಕಾರವು ಪ್ರಶಸ್ತಿಯನ್ನು ಕೊಡುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ, ಮನೆಗೆ ಬಂದು ಮಗುವಿಗೆ ಬೇರೆ ಹೆಸರಿಡುತ್ತೇವೆ. ಕಿವಿಗೆ ಒಗ್ಗುವುದು ಕೂಗುವುದರಿಂದಲೇ. ಕೂಗದೆ ಯಾವ ಹೆಸರೂ ಇಂಪಾಗದು.

ಹೆಸರನ್ನು ಉಳಿಸುವುದು ಭಕ್ತಿ, ಇಲ್ಲವೇ ಊರಿನ ಅಭಿಮಾನ. ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಮಹಾದೇವಿ ನಾಡಿನ ಮನೆಮನೆಗಳಲ್ಲಿ ಇಂದಿಗೂ ಹುಟ್ಟುತ್ತಲೇ ಇದ್ದಾಳೆ. ಆಕೆಯ ವಚನಗಳನ್ನು ಹೇಳಿಕೊಳ್ಳುವ ಜನವಿದೆ. ಸೊರಬದ ಕಡೆ ಚಂದ್ರಗುತ್ತಿಯ ರೇಣುಕೆಗೆ ಹರಕೆ ಹೊತ್ತವರ ಮನೆಗಳಲ್ಲಿ ರೇಣುಕೆಯರೂ ಗುತ್ಯಪ್ಪಂದಿರೂ ಇದ್ದಾರೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಒಕ್ಕಲಿನಲ್ಲಿ ಹುಚ್ಚರಾಯ, ಹುಚ್ಚಮ್ಮರೆಂದು ಕರೆಸಿಕೊಳ್ಳಲು ನಮ್ಮ ಹಿರಿಯರು ಎಂದೂ ನಾಚಲಿಲ್ಲ. ಪರವೂರಿನವರಿಗೆ ಅದರ ಅರ್ಥ ಹೇಗೆ ತೋರೀತೆಂಬ ಚಿಂತೆ ಅವರಿಗಿರಲಿಲ್ಲ. ದೇವರು ತಮ್ಮವನು, ಹೆಸರೂ ತಮ್ಮದು. ಜಕ್ಕಿಯಬ್ಬೆಗೆ ಅಂಥ ಒಕ್ಕಲಿಲ್ಲ. ಬಂದಳಿಕೆಯಲ್ಲಿ ಊರೇ ಉಳಿಯಲಿಲ್ಲ. ಶಾಂತಿನಾಥ ಬಸದಿಯೂ ಸೋಮೇಶ್ವರ, ತ್ರಿಮೂರ್ತಿನಾರಾಯಣ ಗುಡಿಗಳೂ ಗಿಡಮರಗಳ ನಡುವೆ ಜನರಿಲ್ಲದೆ ನಿಂತಿವೆ. ಆಕೆಯ ಹೆಸರನ್ನು ಹಿಡಿದಿಟ್ಟುಕೊಂಡುದು ಒಂದು ಕಲ್ಲು, ಮತ್ತು ಆ ಕಲ್ಲನ್ನು ಓದಿಸಿ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ ರೈಸ್ ಅವರ ಶ್ರಮ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಶಿಕಾರಿಪುರ ಸೊರಬಗಳ ಶಾಲೆಗಳಲ್ಲಿ ಮಯೂರಶರ್ಮನ ಪಾಠ ನಡೆಯುವ ದಿನವೇ ಜಕ್ಕಿಯಬ್ಬೆಯ ಪಾಠವೂ ನಡೆಯಬೇಕು. ತಾಳಗುಂದದ ಸ್ತಂಭವನ್ನು ತೋರಿಸಲು ಮಕ್ಕಳನ್ನು ಕರೆದೊಯ್ಯುವ ಮೇಷ್ಟರು ಗುಡಿಯ ಬಾಗಿಲಲ್ಲಿ ನಿಲ್ಲಿಸಿ ಪ್ರಭಾವತಿಯ ಹೆಸರನ್ನೂ ಹೇಳಬೇಕು, ಹಾಗೆಯೇ ಬಂದಳಿಕೆಗೂ ಹೋಗಿಬರಬೇಕು. ಅಪರೂಪದ ಹೆಸರನ್ನು ಅರಸಿ ಅರ್ಥವೇ ಹೊರಡದ ಅಕ್ಷರಗಳನ್ನು ಜೋಡಿಸುತ್ತಿರುವ ತಂದೆತಾಯಿಗಳ ಆಸೆ ತಪ್ಪಲ್ಲ. ತಮ್ಮ ಮಗು ಗುಂಪಿನಲ್ಲಿ ಕಳೆದುಹೋಗಬಾರದೆಂಬುದು ವಾತ್ಸಲ್ಯವೇ. ಆದರೆ ತಮ್ಮ ಊರಿನ ಹೊಲದಂಚಿನಲ್ಲಿಯೇ ಅರ್ಥವುಳ್ಳ, ಚರಿತ್ರೆಯುಳ್ಳ, ಬೇರೆ ಯಾರೂ ಇಡದ ಹೆಸರೊಂದು ಕಾದಿರುವಾಗ, ಅದನ್ನು ಒಮ್ಮೆ ಬಾಯಿಬಿಟ್ಟು ಉಚ್ಚರಿಸಿ ನೋಡಬೇಕೆಂದು ನಾನು ಬೇಡುತ್ತೇನೆ. ಪೂರ್ತಿ ಹೆಸರು ಉದ್ದವೆನಿಸಿದರೆ ಮನೆಯಲ್ಲಿ ಕರೆಯಲು ಜಕ್ಕಿ ಇದೆ. ರನ್ನನ ಮನೆಯಲ್ಲಿ ಅಷ್ಟೇ ಸಾಕಾಗಿದ್ದಿತು.

ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ತಮ್ಮನ ಮಗಳಿಗೆ ಕಳಿಸಿದೆ. ಎಂಟು ದಿನಗಳ ಮೇಲೆ ಉತ್ತರ ಬಂತು, ಆಕೆಯಿಂದಲ್ಲ, ಆಕೆಯ ಅತ್ತೆಯಿಂದ. ಎಪ್ಪತ್ತು ದಾಟಿದ ಆ ತಾಯಿ ಫೋನಿನಲ್ಲಿ, "ನಮ್ಮಜ್ಜಿ ಹೆಸರು ಜಕ್ಕವ್ವ ಅಂತಿತ್ತು. ಯಾಕೆ ಹಾಗಿಟ್ಟರು ಅಂತ ಒಬ್ಬರೂ ಹೇಳಿರಲಿಲ್ಲ" ಎಂದರು. ತೊಟ್ಟಿಲ ಶಾಸ್ತ್ರ ಬರುವ ತಿಂಗಳ ಶುಕ್ಲಪಕ್ಷದಲ್ಲಿ. ಅಕ್ಕಿಯ ಮೇಲೆ ಯಾವ ಹೆಸರನ್ನು ಬರೆಯುವರೋ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಮೊದಲು ಒಂದು ಭಾನುವಾರ ತಮ್ಮನ್ನು ಬಂದಳಿಕೆಗೆ ಕರೆದುಕೊಂಡು ಹೋಗಬೇಕೆಂದು ಆ ಅಜ್ಜಿ ಕೇಳಿದ್ದಾರೆ.