ಕಾರು ಪತ್ರಿಕೆ: ಚಂದಾ ಬೇಡ, ಒಂದು ಸಂಚಿಕೆ ಸಾಕು

ವಾಡಿ: ‘ಓವರ್‌ಡ್ರೈವ್’ 1998ರಲ್ಲಿ, ‘ಆಟೋಕಾರ್ ಇಂಡಿಯಾ’ 1999ರಲ್ಲಿ ಆರಂಭವಾದಾಗ ಕಾರಿನ ಬೆಲೆ, ಎಂಜಿನ್ ಸಾಮರ್ಥ್ಯ, ಬಣ್ಣದ ಚಿತ್ರಗಳಿಗಾಗಿಯೇ ಪತ್ರಿಕೆ ಕೊಳ್ಳಬೇಕಿತ್ತು. ಇಂದು ಅವೆಲ್ಲ ಮೊಬೈಲ್‌ನಲ್ಲಿ ಉಚಿತ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಸುರಕ್ಷತಾ ಫಲಿತಾಂಶಗಳೂ ಉಚಿತ. ಅಮೆರಿಕದಲ್ಲಿ ಒಂದೇ ಪ್ರಕಾಶನ ಸಂಸ್ಥೆ 19 ವಾಹನ ಪತ್ರಿಕೆಗಳ ಮುದ್ರಣ ನಿಲ್ಲಿಸುವುದಾಗಿ 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದು ಆಕಸ್ಮಿಕವೇನಲ್ಲ.

ಹಾಗಾದರೆ ಪತ್ರಿಕೆಯಲ್ಲಿ ಉಳಿದಿರುವುದೇನು? ತಿಂಗಳುಗಟ್ಟಲೆ ಓಡಿಸಿ ಬರೆದ ವರದಿ. ವಿಡಿಯೊಗಳಲ್ಲಿ ಹೆಚ್ಚಿನವು ಬಿಡುಗಡೆಯ ದಿನದ ಸಂಭ್ರಮ. ಕಂಪನಿ ಘೋಷಿಸುವ ಮೈಲೇಜ್ ಪ್ರಯೋಗಾಲಯದ್ದು. ಪತ್ರಿಕೆ ಅಳೆಯುವುದು ರಸ್ತೆಯ ಮೇಲೆ.

ಆದರೆ ಆ ರಸ್ತೆ ನಮ್ಮದಲ್ಲ. ಸಿಮೆಂಟ್ ಕಾರ್ಖಾನೆಗಳ ದೂಳು, ಶಹಾಬಾದ್ ಕಲ್ಲು ಹೊತ್ತ ಲಾರಿಗಳು, 42 ಡಿಗ್ರಿ ಮುಟ್ಟುವ ಬಿಸಿಲು. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಾದಿಯಲ್ಲಿ ಏರ್ ಫಿಲ್ಟರ್, ಎ.ಸಿ., ಸಸ್ಪೆನ್ಷನ್ ಎಷ್ಟು ಕಾಲ ತಾಳಿಯಾವು ಎಂಬುದನ್ನು ಇಲ್ಲಿನ ಮೆಕ್ಯಾನಿಕ್ಕೇ ಹೇಳಬೇಕು. ಈ ಪತ್ರಿಕೆಗಳು ಇಂಗ್ಲಿಷಿನಲ್ಲಿರುವುದೂ ತೊಡಕೇ (ಕನ್ನಡದ ಪ್ರಕಾಶಕರು ಯೋಚಿಸಬಾರದೇಕೆ?).

ಹವ್ಯಾಸಿಗಳ ಮಾತು ಬೇರೆ. ಉಳಿದವರಿಗೆ ವಾರ್ಷಿಕ ಚಂದಾ ದುಂದುವೆಚ್ಚ. ಎಂಟು-ಹತ್ತು ಲಕ್ಷ ರೂಪಾಯಿ ಸಾಲ ಮಾಡಿ ಕಾರು ಕೊಳ್ಳುವವರು ಮಾತ್ರ, ತಾವು ಆಯ್ದ ಮಾದರಿಗಳ ತುಲನಾತ್ಮಕ ಪರೀಕ್ಷೆಯಿರುವ ಒಂದು ಸಂಚಿಕೆಯನ್ನು, ಹಳೆಯದಾದರೂ ಸರಿ, ಮುಂಗಡ ಕಟ್ಟುವ ಮುನ್ನ ಹುಡುಕಿ ಓದುವುದು ಲೇಸು.