ವಿನಾಯಿತಿಯೋ, ಸ್ವಾತಂತ್ರ್ಯವೋ?

ಒಂದು ಧರ್ಮಸಭೆಯು ತನ್ನ ಅನುಯಾಯಿಗಳ ಆಚಾರವನ್ನು ಉಳಿಸಿಕೊಳ್ಳಲು ರಾಜ್ಯದ ಮುಂದೆ ನಿಂತಾಗ ಅದು ಕೇಳುವುದು ತನಗೊಂದು ವಿನಾಯಿತಿಯನ್ನೋ ಅಥವಾ ಸರ್ವರಿಗೂ ಸಲ್ಲುವ ಸ್ವಾತಂತ್ರ್ಯವನ್ನೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ನ್ಯಾಯವಾದಿಗಳ ಸೂಕ್ಷ್ಮ ತರ್ಕದಂತೆ ತೋರಬಹುದಾದರೂ, ಆ ಸಭೆಯ ಹೋರಾಟಕ್ಕೆ ನೈತಿಕ ಬಲವು ಬರುವುದೂ ಬಾರದಿರುವುದೂ ಈ ಪ್ರಶ್ನೆಗೆ ಅದು ಕೊಡುವ ಉತ್ತರವನ್ನೇ ಅವಲಂಬಿಸಿದೆ. 1863ರಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್ ಪಟ್ಟಣದಲ್ಲಿ ವ್ಯವಸ್ಥಿತ ರೂಪವನ್ನು ತಳೆದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಇತಿಹಾಸವು ಈ ವಿಷಯವನ್ನು ವಿಚಾರಿಸುವುದಕ್ಕೆ ಬಹಳ ಅನುಕೂಲವಾದುದು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗಿನ ಕಾಲವು ಸಬ್ಬತ್. ಆ ಅವಧಿಯಲ್ಲಿ ಜೀವನೋಪಾಯದ ಕೆಲಸವನ್ನು ಬದಿಗಿಟ್ಟು ಆರಾಧನೆಯಲ್ಲಿಯೂ ಪರೋಪಕಾರದಲ್ಲಿಯೂ ಇರಬೇಕೆಂಬುದು ಆ ಸಭೆಯವರ ಶ್ರದ್ಧೆ. ಸುತ್ತಲಿನ ಕ್ರೈಸ್ತಸಮಾಜವು ಭಾನುವಾರವನ್ನು ಪವಿತ್ರವೆಂದು ಭಾವಿಸಿ, ಆ ಭಾವನೆಗೆ ಶಾಸನದ ಬಲವನ್ನೂ ಕೂಡಿಸಿಕೊಂಡಿದ್ದ ನಾಡಿನಲ್ಲಿ ಇವರು ತಮ್ಮ ದಿನವನ್ನು ಕಾಪಾಡಿಕೊಳ್ಳಬೇಕಾಗಿದ್ದಿತು.

ಆ ಬಲದ ಪೆಟ್ಟು ಎಂತಹದೆಂಬುದನ್ನು ಟೆನೆಸಿ ಪ್ರಾಂತದ ಆರ್. ಎಂ. ಕಿಂಗ್ ಎಂಬ ರೈತನ ಕಥೆಯು ತಿಳಿಸುತ್ತದೆ. ಶನಿವಾರ ವಿಶ್ರಮಿಸಿ ಭಾನುವಾರ ತನ್ನ ಹೊಲದಲ್ಲಿಯೇ ದುಡಿದನೆಂಬುದು ಅವನ ಅಪರಾಧ. 1889ರಲ್ಲಿ ಮೊದಲಾದ ಮೊಕದ್ದಮೆಯು ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುತ್ತ ಹೋಗಿ, ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟುವ ಮುನ್ನವೇ, 1891ರಲ್ಲಿ, ಆ ರೈತನು ತೀರಿಕೊಂಡನು. ಅವನ ಪರವಾಗಿ ನಿಂತದ್ದು ಸಭೆಯವರು ಅದೇ 1889ರಲ್ಲಿ ಸ್ಥಾಪಿಸಿದ್ದ ಧರ್ಮಸ್ವಾತಂತ್ರ್ಯ ಸಂಘ.

ಇದಕ್ಕೆ ಸ್ವಲ್ಪ ಮೊದಲು, 1888ರಲ್ಲಿ, ಸೆನೆಟರ್ ಹೆನ್ರಿ ಬ್ಲೇರ್ ಎಂಬವರು ಭಾನುವಾರದ ವಿಶ್ರಾಂತಿಯನ್ನು ರಾಷ್ಟ್ರದ ಶಾಸನವನ್ನಾಗಿ ಮಾಡಬೇಕೆಂದು ಮಸೂದೆಯೊಂದನ್ನು ಮಂಡಿಸಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಸೆನೆಟಿನ ಸಮಿತಿಯೆದುರು ಅಡ್ವೆಂಟಿಸ್ಟರ ಪರವಾಗಿ ಎ. ಟಿ. ಜೋನ್ಸ್ ವಾದಿಸಿದರು. ಏಳನೆಯ ದಿನವನ್ನು ಆಚರಿಸುವವರಿಗೆ ಮಸೂದೆಯಲ್ಲಿ ವಿನಾಯಿತಿಯನ್ನು ಸೇರಿಸಿದರೆ ಸಾಲದೆ ಎಂಬ ಪ್ರಶ್ನೆಯು ಅಲ್ಲಿ ಎದ್ದಿತು. ತನ್ನ ಜನರ ಸಂಕಟವೊಂದನ್ನೇ ಕಾಣುವ ಪ್ರತಿನಿಧಿಯಾಗಿದ್ದರೆ ಅದನ್ನು ಕೃತಜ್ಞತೆಯಿಂದ ಸ್ವೀಕರಿಸಿ ಮನೆಗೆ ಮರಳುತ್ತಿದ್ದನು. ಜೋನ್ಸರಾದರೋ ಅದನ್ನು ನಿರಾಕರಿಸಿದರು. ಆರಾಧನೆಯ ದಿನದ ವಿಷಯದಲ್ಲಿ ಶಾಸನಮಾಡುವ ಅಧಿಕಾರವೇ ರಾಜ್ಯಕ್ಕೆ ಇಲ್ಲದಿರುವಾಗ, ವಿನಾಯಿತಿಯನ್ನು ಒಪ್ಪುವುದೆಂದರೆ ಆ ಅಧಿಕಾರವನ್ನೇ ಒಪ್ಪಿದಂತಾಗುವುದೆಂಬುದು ಅವರ ವಾದ. ಮಸೂದೆಯು ಶಾಸನವಾಗಲಿಲ್ಲ.

ಆ ನಿರಾಕರಣೆಯು ಮತೀಯ ಹಠವೆಂದು ನನಗೆ ತೋರುವುದಿಲ್ಲ. ಸಭೆಯೊಂದು ಧರ್ಮಸ್ವಾತಂತ್ರ್ಯದ ತತ್ತ್ವವನ್ನು ಅದರ ಬೇರಿನಲ್ಲಿಯೇ ಹಿಡಿದ ಅಪೂರ್ವ ಸಂದರ್ಭವದು. ವಿನಾಯಿತಿಯನ್ನು ಕೊಟ್ಟ ಕೈಯೇ ಅದನ್ನು ನಾಳೆ ಹಿಂದಕ್ಕೆ ಪಡೆಯಬಹುದು. ಅದಕ್ಕೂ ಮಿಗಿಲಾಗಿ, ಯಾವನು ನಿಜವಾದ ಆಚಾರವಂತ, ಯಾವನಲ್ಲ ಎಂದು ನಿರ್ಣಯಿಸತಕ್ಕ ಪದವಿಯು ಆಗ ಅಮಲ್ದಾರನಿಗೂ ಪೋಲೀಸಿನವನಿಗೂ ದೊರೆಯುತ್ತದೆ. ಯಾವ ದಿನವನ್ನೂ ಪವಿತ್ರವೆಂದು ಭಾವಿಸದ ನಾಸ್ತಿಕನಿಗಂತೂ ಅಂತಹ ವಿನಾಯಿತಿಯಲ್ಲಿ ಸ್ಥಳವೇ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆಯು ರೂಪವನ್ನು ಬದಲಿಸಿತು. ಹೊಲದ ರೈತನ ಸ್ಥಾನದಲ್ಲಿ ಈಗ ಕಾರ್ಖಾನೆಯ ಪಾಳಿಯಲ್ಲಿ ದುಡಿಯುವ ಕೂಲಿಗಾರನು ನಿಂತನು. ದಕ್ಷಿಣ ಕ್ಯಾರೊಲಿನಾದ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಮಾಡುತ್ತಿದ್ದ ಅಡೆಲ್ ಶರ್ಬರ್ಟ್ ಎಂಬ ಮಹಿಳೆಯು, ಗಿರಣಿಯವರು 1959ರಲ್ಲಿ ಶನಿವಾರವನ್ನೂ ಕೆಲಸದ ದಿನವನ್ನಾಗಿ ಮಾಡಿದಾಗ, ಬರಲಾರೆನೆಂದು ಹೇಳಿ ಉದ್ಯೋಗವನ್ನು ಕಳೆದುಕೊಂಡಳು. ಸಿಕ್ಕುವ ಕೆಲಸವನ್ನು ಒಪ್ಪಲಿಲ್ಲವೆಂಬ ಕಾರಣದಿಂದ ನಿರುದ್ಯೋಗ ಭತ್ಯೆಯೂ ಅವಳಿಗೆ ತಪ್ಪಿತು. ಭಾನುವಾರವನ್ನು ಆಚರಿಸುವ ಕೂಲಿಗಾರನಿಗೆ ಆ ದಿನ ಬಲವಂತದ ದುಡಿಮೆಯಿಂದ ರಕ್ಷಣೆಯನ್ನು ಕೊಡುವ ಕಾನೂನು ಅದೇ ಪ್ರಾಂತದಲ್ಲಿದ್ದಿತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕೆಯ ಪರವಾಗಿ ತೀರ್ಪಿತ್ತಿತು. ಶ್ರದ್ಧೆಯನ್ನು ಬಿಡು, ಇಲ್ಲವೇ ಅನ್ನವನ್ನು ಬಿಡು ಎಂದು ಹೇಳುವ ರಾಜ್ಯವು, ಶನಿವಾರದ ಆರಾಧನೆಗೆ ಜುಲ್ಮಾನೆಯನ್ನು ವಿಧಿಸುವ ರಾಜ್ಯಕ್ಕಿಂತ ಬೇರೆಯಲ್ಲವೆಂಬುದು ನ್ಯಾಯಮೂರ್ತಿ ಬ್ರೆನನ್ನರ ತೀರ್ಪಿನ ಸಾರ.

ಆದರೆ ಇದೂ ಒಂದು ವಿನಾಯಿತಿಯೇ ಅಲ್ಲವೆ, ಜೋನ್ಸರು ತಿರಸ್ಕರಿಸಿದ್ದನ್ನೇ ಅವರ ಸಂತತಿಯವರು ಕೈಚಾಚಿ ಬೇಡಿದರಲ್ಲವೆ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ನನಗೆ ತೋರುವ ಸಮಾಧಾನವಿಷ್ಟು: ಬ್ಲೇರರ ಮಸೂದೆಯು ಒಂದು ಮತದ ದಿನವನ್ನು ಎಲ್ಲರ ಮೇಲೆ ಹೇರಲು ಹೊರಟಿದ್ದಿತು, ಆದುದರಿಂದ ಅದರ ಮೂಲವನ್ನೇ ಕೀಳಬೇಕಾಗಿದ್ದಿತು, ಗಿರಣಿಯ ವೇಳಾಪಟ್ಟಿಯು ಯಾರ ದೇವರನ್ನೂ ಉದ್ದೇಶಿಸಿದುದಲ್ಲ, ಅದರಿಂದ ಒದಗುವ ಗಾಯವು ಮಾತ್ರ ಕೆಲವರಿಗೇ ತಾಗುತ್ತದೆ. ಅಂತಹ ಗಾಯವನ್ನು ತಪ್ಪಿಸುವ ಏರ್ಪಾಡು ಯಾವ ಮತದ ಯಾವ ದಿನಕ್ಕಾದರೂ ಒಂದೇ ಅಳತೆಯಲ್ಲಿ ದೊರೆಯುವುದಾದರೆ ಅದು ಹಕ್ಕು. ಪ್ರಬಲರಿಗೆ ಮಾತ್ರ ದೊರೆಯುವುದಾದರೆ ಅದು ಪಕ್ಷಪಾತ.

ಇನ್ನೊಂದು ಆಕ್ಷೇಪವು ಸಹೋದ್ಯೋಗಿಯದು. ಇವನ ಸಬ್ಬತ್ತಿಗಾಗಿ ತಾನೇಕೆ ಪ್ರತಿ ಶನಿವಾರವೂ ದುಡಿಯಬೇಕೆಂದು ಅವನು ಕೇಳಿದರೆ ಅದು ನ್ಯಾಯವಾದ ಮಾತು. ಧಣಿಯು ನೌಕರನ ಧರ್ಮಾಚರಣೆಗೆ ಯುಕ್ತವಾದ ಅವಕಾಶವನ್ನು ಕಲ್ಪಿಸಬೇಕೆಂದು 1972ರಲ್ಲಿ ಅಮೆರಿಕದ ಕಾನೂನಿಗೆ ತಿದ್ದುಪಡಿಯಾಯಿತು. 1977ರಲ್ಲಿ ನ್ಯಾಯಾಲಯವು, ಧಣಿಗೆ ಅಲ್ಪಕ್ಕಿಂತ ಹೆಚ್ಚಿನ ಹೊರೆ ಬಿದ್ದರೂ ಅವನು ನಿರಾಕರಿಸಬಹುದೆಂದು ಹೇಳಿ, ಆ ಕಾನೂನಿನ ಜೀವವನ್ನು ಬಹುಮಟ್ಟಿಗೆ ಹೀರಿತು. ನಾಲ್ವತ್ತಾರು ವರ್ಷಗಳ ಮೇಲೆ, 2023ರ ಜೂನ್ 29ರಂದು, ಪೆನ್ಸಿಲ್ವೇನಿಯಾದ ಅಂಚೆ ನೌಕರ ಜೆರಾಲ್ಡ್ ಗ್ರಾಫ್ ಎಂಬವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಒಮ್ಮತದಿಂದ ಆ ಅಳತೆಯನ್ನು ತಿದ್ದಿ, ವ್ಯವಹಾರಕ್ಕೆ ಗಣನೀಯವಾದ ಹೆಚ್ಚಿನ ವೆಚ್ಚವಾಗುವುದನ್ನು ತೋರಿಸಿದರೆ ಮಾತ್ರ ನಿರಾಕರಿಸಬಹುದೆಂದಿತು. ಗ್ರಾಫ್ ಅವರು ಆಚರಿಸುತ್ತಿದ್ದುದು ಭಾನುವಾರವನ್ನು. ಅವರ ವಕೀಲರಲ್ಲಿ ಅಡ್ವೆಂಟಿಸ್ಟ್ ಸಭೆಯ ಧರ್ಮಸ್ವಾತಂತ್ರ್ಯ ಸಂಸ್ಥೆಯವರೂ ಇದ್ದರು. ಯಾವ ದಿನದ ಹೆಸರಿನಲ್ಲಿ ಕಿಂಗನು ದಂಡನೆಗೆ ಗುರಿಯಾಗಿದ್ದನೋ ಆ ದಿನವನ್ನು ಆಚರಿಸುವವನ ಹಕ್ಕಿಗಾಗಿ ಕಿಂಗನ ಸಭೆಯವರು ವಾದಿಸಿದರೆಂಬುದು ಈ ಇತಿಹಾಸದಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಸಂಗತಿ.

ಸದಸ್ಯರಿಗೆ ಸಭೆಯು ಕೊಡತಕ್ಕ ದಿನನಿತ್ಯದ ಬೆಂಬಲವಾದರೋ ನ್ಯಾಯಾಲಯಕ್ಕೆ ಬಹಳ ಮೊದಲೇ ಆರಂಭವಾಗತಕ್ಕದ್ದು. ಉತ್ತರದೇಶಗಳಲ್ಲಿ ಡಿಸೆಂಬರಿನ ಸೂರ್ಯನು ಕಚೇರಿಯು ಮುಗಿಯುವ ಮುನ್ನವೇ ಮುಳುಗುವುದರಿಂದ, ಶನಿವಾರದ ರಜೆಯುಳ್ಳವನಿಗೂ ಶುಕ್ರವಾರದ ಸಂಜೆಯು ಕಷ್ಟವನ್ನು ತರುತ್ತದೆ. ಹೀಗಿರುವಲ್ಲಿ ಸಭೆಯ ಧರ್ಮಸ್ವಾತಂತ್ರ್ಯ ವಿಭಾಗದವರು ಸದಸ್ಯನ ಶ್ರದ್ಧೆಯ ಸ್ವರೂಪವನ್ನು ವಿವರಿಸಿ ಧಣಿಗೆ ಪತ್ರವನ್ನು ಬರೆಯುತ್ತಾರೆ, ಪಾಳಿಯನ್ನು ಅದಲುಬದಲು ಮಾಡಿಕೊಳ್ಳುವ ಮಾರ್ಗವನ್ನು ಸೂಚಿಸುತ್ತಾರೆ, ಮಾತುಕತೆ ಮುರಿದುಬಿದ್ದಾಗ ವಕೀಲರನ್ನು ಒದಗಿಸಲು ಯತ್ನಿಸುತ್ತಾರೆ. ಭಾನುವಾರವನ್ನೂ ಹಬ್ಬದ ದಿನಗಳನ್ನೂ ತಾನು ವಹಿಸಿಕೊಳ್ಳುವೆನೆಂದು ಮುಂದೆ ಬರುವ ನೌಕರನ ಬೇಡಿಕೆಯು ಸಹೋದ್ಯೋಗಿಗೂ ನ್ಯಾಯವೆಂದು ತೋರುತ್ತದೆ. ಕೆಲಸವನ್ನು ಕಳೆದುಕೊಂಡವನನ್ನು ವೇದಿಕೆಯ ಮೇಲೆ ಕೊಂಡಾಡಿ ಅವನ ಮಕ್ಕಳ ಊಟವನ್ನು ವಿಚಾರಿಸದ ಸಭೆಯು ಅವನ ತ್ಯಾಗದಿಂದ ತಾನು ಕೀರ್ತಿಯನ್ನು ಗಳಿಸಿಕೊಂಡಿತಲ್ಲದೆ ಅವನಿಗೆ ಬೆಂಬಲವನ್ನು ಕೊಡಲಿಲ್ಲ.

ತನ್ನ ಸ್ವಾತಂತ್ರ್ಯವೊಂದನ್ನೇ ಕಾಯ್ದುಕೊಳ್ಳಹೊರಟರೆ ಏನಾಗುವುದೆಂಬುದಕ್ಕೆ ನಿದರ್ಶನವು ಈ ಸಭೆಯ ಇತಿಹಾಸದಲ್ಲಿಯೇ ಇದೆ. ನಾಜಿಗಳ ಆಳ್ವಿಕೆಯಲ್ಲಿ ಜರ್ಮನಿಯ ಮತ್ತು ಆಸ್ಟ್ರಿಯದ ಅಡ್ವೆಂಟಿಸ್ಟರಲ್ಲಿ ಅನೇಕರು ಪ್ರಭುತ್ವಕ್ಕೆ ಒಲಿದು ನಡೆದರು. ಯೆಹೂದ್ಯ ಮೂಲದ ಸಹಸದಸ್ಯರನ್ನು ಹೊರಗೆ ಹಾಕಿದುದೂ ಉಂಟು. 2005ರಲ್ಲಿ ಆ ಎರಡು ದೇಶಗಳ ಸಭೆಗಳು ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪವನ್ನು ವ್ಯಕ್ತಪಡಿಸಿದವು. ಶನಿವಾರವನ್ನು ಪೂರ್ವಿಕರಿಂದ ಆಚರಿಸಿಕೊಂಡು ಬಂದ ಜನರನ್ನೇ ಶನಿವಾರದ ಸಭೆಯು ಕೈಬಿಟ್ಟಿತೆಂಬುದಕ್ಕಿಂತ ಶೋಚನೀಯವಾದುದೇನಿದೆ?

ನಮ್ಮ ದೇಶದಲ್ಲಿಯೂ ಈ ಸಭೆಯವರಿದ್ದಾರೆ. ಬೆಂಗಳೂರಿನ ಕೃಷ್ಣರಾಜಪುರದ ಬಳಿಯ ಲೌರಿ ಮೆಮೋರಿಯಲ್ ವಿದ್ಯಾಸಂಸ್ಥೆಯು ಅವರದೇ. ಸಂವಿಧಾನದ 25ನೆಯ ಅನುಚ್ಛೇದವು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಸರ್ವರಿಗೂ ಕೊಟ್ಟಿದೆ. ಶನಿವಾರ ಪರೀಕ್ಷೆಯು ಬಿದ್ದಾಗ ಅದಕ್ಕೆ ಕೂರದ ವಿದ್ಯಾರ್ಥಿಯ ವರ್ಷವು ವ್ಯರ್ಥವಾಗದಂತೆ ನೋಡಿಕೊಳ್ಳುವುದು ಅಸಾಧ್ಯವಾದ ಕಾರ್ಯವಲ್ಲ. ಬ್ರೆಜಿಲಿನಲ್ಲಿ ರಾಷ್ಟ್ರೀಯ ಪರೀಕ್ಷೆಯ ಶನಿವಾರದಂದು ಸಬ್ಬತ್ ಆಚರಿಸುವ ವಿದ್ಯಾರ್ಥಿಗಳು ಮಧ್ಯಾಹ್ನವೇ ಕೊಠಡಿಯನ್ನು ಹೊಕ್ಕು, ಸೂರ್ಯನು ಮುಳುಗಿದ ಮೇಲೆ ಬರೆಯತೊಡಗುವ ಪದ್ಧತಿಯು ಹಲವು ವರ್ಷ ನಡೆಯಿತು. 2017ರಿಂದ ಆ ಪರೀಕ್ಷೆಯನ್ನು ಎರಡು ಭಾನುವಾರಗಳಿಗೆ ಹಂಚಿದರು. 2019ರ ಜನವರಿಯಲ್ಲಿ, ಧರ್ಮದ ಕಾರಣದಿಂದ ಒಂದು ದಿನವನ್ನು ಬಿಡಬೇಕಾದ ಯಾವ ಮತದ ವಿದ್ಯಾರ್ಥಿಗಾದರೂ ಬೇರೆ ದಿನದ ಪರೀಕ್ಷೆಯನ್ನೋ ಬದಲಿ ಕಾರ್ಯವನ್ನೋ ಕೊಡಬೇಕೆಂದು ಶಾಸನವನ್ನೇ ಮಾಡಿದರು. ನಮ್ಮ ವಿಶ್ವವಿದ್ಯಾಲಯಗಳೂ ನೇಮಕಾತಿ ಮಂಡಲಿಗಳೂ ಮುಂದಿನ ವರ್ಷದ ಪರೀಕ್ಷೆಯ ದಿನಗಳನ್ನು ಗೊತ್ತುಮಾಡುವ ಮುನ್ನ ಆ ಶಾಸನವನ್ನೊಮ್ಮೆ ತರಿಸಿ ಓದಲಿ.