ಮುಖದ ಮೇಲಿನ ದದ್ದು ಹೋಗುತ್ತಲೇ ಇಲ್ಲವೇ? ‘ರಕ್ತ ಕೆಟ್ಟಿದೆ’ ಎನ್ನುವ ಮೊದಲು ಇದನ್ನು ಓದಿ

ಮುಖದಲ್ಲಿ ದದ್ದು, ತುರಿಕೆ ವಾರಗಟ್ಟಲೆ ಉಳಿದರೆ ರಕ್ತ ಕೆಟ್ಟಿದೆ ಎಂದರ್ಥ, ನಿಂಬೆರಸ ಹಚ್ಚಿ, ಬೇವಿನ ಕಷಾಯ ಕುಡಿಯಿರಿ ಎಂಬ ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು. ಇದು ನಿಜವೇ?

ಬಹುತೇಕ ಸಂದರ್ಭಗಳಲ್ಲಿ ಅಲ್ಲ. ಇಂಥ ದದ್ದಿಗೆ ಕಾರಣ ಹೆಚ್ಚಾಗಿ ಸಿಗುವುದು ನಾವು ಮುಖಕ್ಕೆ ಹಚ್ಚುವ ವಸ್ತುವಿನಲ್ಲಿ, ಗಾಳಿಯಲ್ಲಿ ಅಥವಾ ಬಿಸಿಲಿನಲ್ಲಿ. ನಿಂಬೆರಸವಂತೂ ಉರಿಯುತ್ತಿರುವ ಚರ್ಮವನ್ನು ಇನ್ನಷ್ಟು ಉರಿಸುತ್ತದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಮೊದಲ ಸುಳಿವು: ದದ್ದು ಎಲ್ಲಿದೆ?

• ಹಣೆಯ ನಡುವೆ ಬೊಟ್ಟಿನ ಗಾತ್ರದಲ್ಲೇ ಇದ್ದರೆ: ಸ್ಟಿಕರ್ ಬಿಂದಿಯ ಅಂಟು ಅಥವಾ ಕುಂಕುಮದಲ್ಲಿನ ಬಣ್ಣ.
• ಕೂದಲಂಚು, ಕಿವಿಯ ಸುತ್ತ ಇದ್ದರೆ: ಹೇರ್ ಡೈ. ಅದರಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಹಲವರಿಗೆ ಅಲರ್ಜಿ. ವರ್ಷಗಳಿಂದ ಹಚ್ಚುತ್ತಿದ್ದವರಿಗೂ ಒಮ್ಮೆಲೇ ಶುರುವಾಗಬಹುದು.
• ಕಣ್ಣಿನ ರೆಪ್ಪೆಯ ಮೇಲಿದ್ದರೆ: ನೇಲ್ ಪಾಲಿಶ್ ಕೂಡ ಕಾರಣವಾಗಬಹುದು. ಬೆರಳು ಎಷ್ಟು ಸಲ ಕಣ್ಣಿಗೆ ಹೋಗುತ್ತದೆ ಎಂದು ನಾವು ಗಮನಿಸುವುದೇ ಇಲ್ಲ.
• ಹುಬ್ಬು, ಮೂಗಿನ ಪಕ್ಕ ಸಿಪ್ಪೆ ಏಳುತ್ತಿದ್ದು, ತಲೆಯಲ್ಲೂ ಹೊಟ್ಟಿದ್ದರೆ: ಎರಡೂ ಒಂದೇ ಸಮಸ್ಯೆಯಾಗಿರಬಹುದು.
• ಹಣೆ, ಕೆನ್ನೆ, ಮೂಗಿನ ಮೇಲೆ ಇದ್ದು, ಗಲ್ಲದ ಕೆಳಗೆ ಮತ್ತು ಕಿವಿಯ ಹಿಂದೆ ಇಲ್ಲದಿದ್ದರೆ: ಬಿಸಿಲಿನ ಮೇಲೆ ಅನುಮಾನ.
• ರೆಪ್ಪೆ, ಕತ್ತಿನ ಮಡಿಕೆ, ಕಿವಿಯ ಹಿಂದೆಯೂ ಇದ್ದರೆ: ಗಾಳಿಯಲ್ಲಿ ಬರುವ ವಸ್ತು. ನಮ್ಮ ಹೊಲದ ಬದುಗಳಲ್ಲಿ, ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಇದಕ್ಕೆ ಕುಖ್ಯಾತ.

ಗುಣಪಡಿಸಿದ ಕ್ರೀಮೇ ಕಾರಣವಾದಾಗ

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಕಾರಣ ಇದು. ಕ್ರೀಮ್ ಹಚ್ಚಿದರೆ ಎರಡೇ ದಿನದಲ್ಲಿ ಕಡಿಮೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ‘ಈ ಕ್ರೀಮ್ ಇಲ್ಲದೆ ಆಗುವುದೇ ಇಲ್ಲ’ ಎಂದು ಮತ್ತೆ ಹಚ್ಚುತ್ತೇವೆ. ಹೀಗೇ ವರ್ಷ ಕಳೆಯುತ್ತದೆ.

ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಇವೆಲ್ಲ ಸ್ಟೀರಾಯ್ಡ್‌ಗಳು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಬಳಸಿದರೆ ಒಳ್ಳೆಯ ಔಷಧಗಳೇ. ಇವು ರಕ್ತನಾಳಗಳನ್ನು ಕುಗ್ಗಿಸಿ ಕೆಂಪನ್ನು ತಗ್ಗಿಸುತ್ತವೆ, ಬಣ್ಣವನ್ನೂ ತಿಳಿಯಾಗಿಸುತ್ತವೆ. ಅದಕ್ಕೇ ಬಂಗಿಗೆ, ಮೊಡವೆಗೆ, ಬೆಳ್ಳಗಾಗಲು ಎಂದು ಕೈಯಿಂದ ಕೈಗೆ ದಾಟುತ್ತವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣತೊಡಗಿ, ಮೊಡವೆ ಮತ್ತು ಅನಗತ್ಯ ಕೂದಲು ಬರುತ್ತವೆ. ಹುಳುಕಡ್ಡಿಯ ಮೇಲೆ ಹಚ್ಚಿದರೆ ಅದು ರೂಪ ಬದಲಿಸಿಕೊಂಡು ವೈದ್ಯರಿಗೂ ಗುರುತು ಸಿಗದಂತಾಗುತ್ತದೆ.

2011ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆಗೆಂದು ಬಂದ 2,926 ರೋಗಿಗಳನ್ನು ವಿಚಾರಿಸಲಾಯಿತು. ಅವರಲ್ಲಿ 433 ಮಂದಿ, ಅಂದರೆ ನೂರಕ್ಕೆ ಸುಮಾರು 15 ಮಂದಿ, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಮ್ಮ ಟ್ಯೂಬಿನಲ್ಲಿ ಏನಿದೆ ಎಂದು ಇಂದೇ ಓದಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ಹೇಗೆ ಬಿಡಬೇಕೆಂದು ಚರ್ಮವೈದ್ಯರನ್ನೇ ಕೇಳಿ. ಬಿಟ್ಟ ಮೇಲೆ ಕೆಲವು ವಾರ ಕೆಂಪು, ಉರಿ ಹೆಚ್ಚಾಗಬಹುದು. ಅದಕ್ಕೆ ಹೆದರಿ ಮತ್ತೆ ಟ್ಯೂಬ್ ತೆರೆಯಬೇಡಿ.

ಕಾರಣ ಹುಡುಕುವುದು ಹೇಗೆ?

ಮುಖಕ್ಕೆ, ತಲೆಗೆ, ಉಗುರಿಗೆ ಹಚ್ಚುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಸೋಪು, ಎಣ್ಣೆ, ಅರಿಶಿನ, ಮನೆಮದ್ದು ಯಾವುದನ್ನೂ ಬಿಡಬೇಡಿ. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅಲಂಕಾರದ ವಸ್ತುಗಳನ್ನೆಲ್ಲ ನಿಲ್ಲಿಸಿ, ದದ್ದು ವಾಸಿಯಾದ ಮೇಲೆ ಒಂದೊಂದಾಗಿ ಮಾತ್ರ ಮರಳಿ ಶುರುಮಾಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪಿತಸ್ಥ ಯಾರೆಂದು ತಿಳಿಯುವುದಿಲ್ಲ.

ಆಗಲೂ ಸಿಗದಿದ್ದರೆ ಪ್ಯಾಚ್ ಟೆಸ್ಟ್ ಇದೆ. ಅನುಮಾನದ ವಸ್ತುಗಳನ್ನು ಚೂರುಚೂರು ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ.

ಇವುಗಳಿಗೆ ಕಾಯಬೇಡಿ

ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆಯ ಆಕಾರದ ಕೆಂಪು, ಜೊತೆಗೆ ಕೀಲುನೋವು, ಜ್ವರ, ಸುಸ್ತು ಇದ್ದರೆ ಅದು ಲೂಪಸ್ ಆಗಿರಬಹುದು. ಇಲ್ಲಿ ರಕ್ತಪರೀಕ್ಷೆ ನಿಜಕ್ಕೂ ಬೇಕು. ತುರಿಕೆಯೇ ಇಲ್ಲದ, ಮುಟ್ಟಿದರೆ ಸ್ಪರ್ಶ ತಿಳಿಯದ ಮಚ್ಚೆ ಕುಷ್ಠರೋಗದ ಲಕ್ಷಣವಾಗಿರಬಹುದು. ಬೇಗ ತೋರಿಸಿದರೆ ಪೂರ್ತಿ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ.

ಮುಖದ ಕ್ರೀಮಿನ ಹೆಸರಿರುವ ಸಂದೇಶ ಇನ್ನೊಮ್ಮೆ ಬಂದಾಗ ಫಾರ್ವರ್ಡ್ ಮಾಡುವ ಮೊದಲು ಒಂದು ಕ್ಷಣ ನಿಲ್ಲಿ. ನಿಮಗೆ ಒಗ್ಗಿದ ಟ್ಯೂಬ್ ನಿಮ್ಮ ತಂಗಿಯ ಮುಖಕ್ಕೂ ಒಗ್ಗಬೇಕೆಂದೇನಿಲ್ಲ.